ಎಡಭುಜ

ಎಲ್ಲರೂ ಅವನ ಕಣ್ಣು ಹೊಗಳುತ್ತಾರೆ.
ನಾನು ಕಂಡದ್ದು ಎಡಭುಜ:
ಅರ್ಧ ಇಂಚು ಇಳಿದಿತ್ತು,
ಹತ್ತಿ ತುಂಬಿ ಮುಚ್ಚಿದ್ದರು.

ಪ್ಲಾಜಾದ ಗಾಂಧಿಕ್ಲಾಸಿನಲ್ಲಿ
ಕತ್ತು ನೋಯಿಸಿಕೊಂಡು ಕೂತವನಿಗೆ
ಇಂಥದ್ದು ತಿಳಿಯುತ್ತದೆ.
ಇಂಗ್ಲಿಷು ಬರುತ್ತಿರಲಿಲ್ಲ. ಬೇಕೂ ಇರಲಿಲ್ಲ.

ಆ ಕುಣಿಯುವವನೋ,
ಅರ್ಧ ನಟನೆ ಅವನ ದರ್ಜಿಯದು ಸ್ವಾಮಿ.
ಅಳುವವಳ ಕೈಗವಸಿನಲ್ಲಿ ಮಾತ್ರ
ಒಂದು ಹೊಲಿಗೆ ಬಿಟ್ಟಿತ್ತು;
ಅವಳನ್ನು ನಂಬಿದೆ.
ಬಣ್ಣ ಬಂದ ಮೇಲೆ ಹೋಗುವುದು ಬಿಟ್ಟೆ,
ಬಟ್ಟೆ ಬೀಳುವ ಚಂದವೇ ಕಾಣುತ್ತಿರಲಿಲ್ಲ.

ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗೆ
ಬ್ಯಾಂಕಿನ ತಂಗವೇಲು ಬಂದ, ಮದುವೆ ಸೂಟಿಗೆ.
"ಪಿಸ್ಸೆ ಮಾಸ್ಟರ್, ಥೇಟ್ ಅವನ ಥರಾನೇ ಇರಬೇಕು."

ಟೇಪು ಹಿಡಿದೆ.
ಎಡಭುಜ, ಅರ್ಧ ಇಂಚು.

ಆಗಲೇ ಇದೆಯಲ್ಲ ಎನ್ನಲಿಲ್ಲ.
ಚೂರು ಹತ್ತಿ
ಹರಿದಿಟ್ಟುಕೊಂಡೆ.