ಡಬ್ಬಿಯ ಮೀನಿಗೆ ತಲೆಯಿಲ್ಲ

ಬಂದರಿನ ಬೀದಿಯಲ್ಲಿ ಬಾಗಿಲು ಹಾಕಿದ ಕಾರ್ಖಾನೆ,
ಅದರ ಗೋಡೆಗೆ ಬೆನ್ನು ಕೊಟ್ಟು ನಮ್ಮ ಶಿಶುಶಾಲೆ.
ಮಾತೊಜಿನ್ಯೊಸ್ ಊರಿನ ಬೆಳಗು. ಕಡಲ ಮಂಜು
ಕಿಟಕಿಗೆ ಮೂಗೊತ್ತಿ ನಿಂತಿದೆ
ತಡವಾಗಿ ಬಂದು ಒಳಗೆ ಬರಲು ನಾಚುವ ಮಗುವಿನ ಹಾಗೆ.

ಮೇಜಿನ ಮೇಲೆ ಹನ್ನೊಂದು ಡಬ್ಬಿ ಸುರಿದೆ.
ಖಾಲಿಯವು, ತೊಳೆದವು,
ಅಂಚನ್ನು ಅರದಿಂದ ಉಜ್ಜಿ ಮೊಂಡು ಮಾಡಿದವು.
"ಇದು ಚಿತ್ರವೇ?" ಎಂದೆ.
"ಇದು ಊಟ," ಎಂದ ಜೆಫೆರೀನು.
"ಮುಗಿದ ಊಟ," ತಿದ್ದಿದಳು ಇರೀಯ.
ಅರ್ಧ ಪಾಠ ಅಲ್ಲಿಗೇ ಆಗಿಹೋಯಿತು.

ಉಳಿದರ್ಧಕ್ಕೆ ಪಾಪ್ ಆರ್ಟ್ ಎಂದು ಹೆಸರು.
ಐದು ವರ್ಷದವರಿಗೆ ಅದನ್ನು ಹೇಗೆ ಹೇಳುವುದು?
ಅಂಗಡಿಯ ಕಪಾಟಿನಿಂದ ಒಂದನ್ನು ಇಳಿಸಿ
ಸಂತನ ಪಟ ಇರಬೇಕಾದ ಮೊಳೆಗೆ ತೂಗುಹಾಕಿ
ನೋಡಿ, ಮತ್ತೆ ನೋಡಿ, ನಾಲ್ಕು ಸಲ ನೋಡಿ,
ಸಲಸಲಕ್ಕೂ ಬೇರೆ ಬಣ್ಣದ ಕಣ್ಣಿಟ್ಟು ನೋಡಿ
ಎಂದೆಲ್ಲ ಹೇಳಹೊರಟೆ. ಯಾರು ಕೇಳಬೇಕು?
ಬಣ್ಣದ ಮುಚ್ಚಳ ಆಗಲೇ ತೆರೆದಿತ್ತು.

ಮಾಂಸದಂಗಡಿಯ ಥರ್ಮೋಕೋಲ್ ತಟ್ಟೆಯ ಮೇಲೆ
ಮೊಂಡ ಪೆನ್ಸಿಲಿನಲ್ಲಿ ಮೀನು ಕೊರೆದರು.
ಕೊರೆದಲ್ಲಿ ಬಣ್ಣ ಹತ್ತದು.
ಗೆರೆಯೆಂದರೆ ಬಣ್ಣ ಬಾರದೆ ಉಳಿದ ಜಾಗ:
ಇಷ್ಟು ತಿಳಿಯಲು ನನಗೆ ಕಲಾಶಾಲೆಯಲ್ಲಿ ಒಂದು ವರ್ಷ ಹಿಡಿದಿತ್ತು,
ತೋಮೆಗೆ ಒಂದು ಮೀನು.

ರೋಲರ್ ಉರುಳಿತು. ಹಳದಿ. ಗುಲಾಬಿ. ಗಿಳಿಹಸಿರು.
ತಟ್ಟೆ ಮಗುಚಿ, ಮುಷ್ಟಿಯಿಂದ ಗುದ್ದಿ, ಮೊಣಕೈಯೂರಿ,
ಬೆನೆದೀತಳಂತೂ ಅದರ ಮೇಲೆ ಕೂತೇಬಿಟ್ಟಳು.
ಎತ್ತಿದರೆ ಮೀನು!
ಬಲಕ್ಕೆ ಮುಖ ಮಾಡಿದ್ದು ಎಡಕ್ಕೆ ತಿರುಗಿದೆ!
"ಈಜಿತು, ಈಜಿತು!"
ಒಂದೇ ತಟ್ಟೆಯ ನಾಲ್ಕು ಅಚ್ಚು, ನಾಲ್ಕಕ್ಕೂ ನಾಲ್ಕು ಮೋರೆ.
ಕೊನೆಯದಕ್ಕೆ ಬರುವಾಗ ಇರೀಯಳ ಬಣ್ಣ ತೀರಿತ್ತು,
ಮಂಜಿನೊಳಗೆ ಹೋದ ಮೀನು. ಇನ್ನೊಂದು ಒತ್ತೋಣವೇ ಎಂದೆ.
"ಬೇಡ. ಅದು ದೂರದಲ್ಲಿದೆ, ಅಷ್ಟೇ."

ಮೂರೂವರೆಗೆ ಅವಳ ಅಜ್ಜಿ ಬಂದಳು, ದೋನ ಅಲ್ಬೆರ್ತೀನ.
ಪಕ್ಕದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಡಬ್ಬಿ ತುಂಬಿದ ಕೈ,
ದೋಣಿ ಬಂತೆಂದು ಸೈರನ್ ಕೂಗಿದರೆ
ನಡುರಾತ್ರಿಯಲ್ಲೂ ಎದ್ದು ಓಡಿದ ಕಾಲು.
ದಾರಕ್ಕೆ ಒಣಹಾಕಿದ ನಲವತ್ತನಾಲ್ಕು ಮೀನನ್ನು
ತುಟಿಯಲ್ಲೇ ಎಣಿಸಿದಳು. ಹಳೆಯ ಅಭ್ಯಾಸ.
ನಾನು ಬಾಯಿ ತೆರೆದೆ: ದಿನಬಳಕೆಯ ವಸ್ತು, ಪುನರಾವರ್ತನೆ...
"ಒಂದನ್ನೇ ಮತ್ತೆ ಮತ್ತೆ ಮಾಡುವುದು ತಾನೇ,
ಅದು ಗೊತ್ತಮ್ಮ ನನಗೆ," ಎಂದಳು.
ಆಮೇಲೆ ನಗು ತಡೆಯಲಾಗಲಿಲ್ಲ ಅವಳಿಗೆ:
"ಆದರೆ ಡಬ್ಬಿಯ ಮೀನಿಗೆ ತಲೆ ಎಲ್ಲಿಂದ ಬಂತು?
ನಾವು ಮೊದಲು ತೆಗೆಯುತ್ತಿದ್ದದ್ದೇ ಅದನ್ನು!"

ತರಗತಿಯಲ್ಲಿ ಪಿಟ್ಟಿಲ್ಲ ಪಿಸುಕಿಲ್ಲ.
ಹನ್ನೊಂದು ಮಕ್ಕಳು, ದಾರದ ಮೇಲಿನ ನಲವತ್ತನಾಲ್ಕು ಕಣ್ಣು,
ಮುಖಾಮುಖಿ.
"ಆ ತಲೆಗಳೆಲ್ಲ ಎಲ್ಲಿಗೆ ಹೋದವು?" ತೋಮೆಯ ಪ್ರಶ್ನೆ.
"ಗೊಬ್ಬರಕ್ಕೆ. ಬೆಕ್ಕಿಗೆ. ಯಾರಿಗೆ ಗೊತ್ತು ಮಗೂ,
ಕೆಳಗೆ ನೋಡಲು ಪುರುಸೊತ್ತು ಎಲ್ಲಿತ್ತು?"

ಮರುದಿನಕ್ಕೆ ನಾನು ಸೋಪಿನ ಪೊಟ್ಟಣ ತಂದಿದ್ದೆ.
ಅದು ಚೀಲದಲ್ಲೇ ಉಳಿಯಿತು.
ನಾನು ಕೋಟು ಬಿಚ್ಚುವಷ್ಟರಲ್ಲಿ ಅವರು ಏಪ್ರನ್ ತೊಟ್ಟಾಗಿತ್ತು.
ತಲೆ ಮಾತ್ರ ಕೊರೆದರು, ತಟ್ಟೆ ತುಂಬ ಒಂದೇ ತಲೆ.
ಒಂದಕ್ಕೆ ಹಲ್ಲು, ಒಂದಕ್ಕೆ ಕನ್ನಡಕ,
ಒಂದಕ್ಕೆ ಕಿವಿಯಿಲ್ಲದಿದ್ದರೂ ಅಜ್ಜಿಯ ಓಲೆ.
ಗುಲಾಬಿಯ ಮೇಲೆ ನೀಲಿ, ನೀಲಿಯ ಮೇಲೆ ಕಿತ್ತಳೆ.
ಕಾರ್ಖಾನೆಗೆ ಆತುಕೊಂಡ ಗೋಡೆಗೇ ಅಂಟಿಸಬೇಕೆಂದು ಹಟ.
ಅಂಟಿಸಿದೆವು.

ಮೂರೂವರೆಗೆ ದೋನ ಅಲ್ಬೆರ್ತೀನ ಬಂದಳು.
ಈ ಸಲ ಎಣಿಸಲಿಲ್ಲ.
ಒಂದೊಂದರ ಮುಂದೆಯೂ ನಿಂತಳು,
ಸಂತೆಯ ನೂಕಿನಲ್ಲಿ ಗುರುತಿನವರು ಸಿಕ್ಕ ಹಾಗೆ.
ಇರೀಯ ಕೋಟಿನ ತುದಿ ಜಗ್ಗುತ್ತಲೇ ಇದ್ದಳು:
"ಅಜ್ಜೀ, ಬಸ್ಸು. ಅಜ್ಜೀ, ಬಸ್ಸು ಹೋಗತ್ತೆ."