ಆವಿಗೆ

ರಾತ್ರಿ ಪಾಳಿ. ಹೊಟಗಿ ಕಡಿಂದ
ಕಲ್ಲಿದ್ದಲಿನ ಗಾಡಿ ಇನ್ನೂ ಬಂದಿಲ್ಲ.
ನನ್ನ ಮುಂದ ಮೂವತ್ತೊಂದು ಘಟಕಗಳ ಪಟ್ಟಿ,
ನಾವು ಹದಿನೇಳನೇದವರು.
ಒಂದು ಯುನಿಟ್ ಕರೆಂಟಿಗೆ ಯಾರು ಎಷ್ಟು ಸುಡತಾರ ಅನ್ನೂ ಲೆಕ್ಕ.
ನಮ್ಮದು ಎರಡು ಸಾವಿರದ ಮುನ್ನೂರ ಎಂಬತ್ತೊಂಬತ್ತು,
ಮೊದಲನೇದವರದು ಎಪ್ಪತ್ತು ಕಡಿಮಿ.
ಮುಂಜಾನೆ ಸಾಹೇಬರು ಮರಾಠಿಯೊಳಗ ಕೇಳತಾರ,
ನಾ ಇಂಗ್ಲಿಷಿನೊಳಗ ಬರದು ಕೊಡತೀನಿ,
ಕೂಡಿಸೂದು ಕಳೆಯೂದು ಮಾತ್ರ
ನಾಗಣಸೂರ ಸಾಲಿಯ ಮಗ್ಗಿಯೊಳಗ.
ಹದಿನೇಳ ಒಂದ್ಲೆ ಹದಿನೇಳು.

ನಮ್ಮನಿಯೊಳಗ ಆವಿಗೆ ಅಂದ್ರ
ಗಡಿಗಿ ಸುಡೂ ಭಟ್ಟಿ.
ಇಲ್ಲಿ ಆವಿಗೆ ಅಂದ್ರ ಬರೇ ಚತುರ್ಥೀ ವಿಭಕ್ತಿ:
ಆವಿಗೆ ಒತ್ತಡ ಇಷ್ಟಿರಬೇಕು,
ಆವಿಗೆ ಹಾದಿ ಬಿಡಬೇಕು.
ಎರಡೂ ಬ್ಯಾರೆ ಬ್ಯಾರೆ ಪದ ಅಂತ ಮಾಸ್ತರರು ತಿದ್ದತಿದ್ದರು.
ಎರಡಕ್ಕೂ ಹೊಟ್ಟಿಗೆ ಬೆಂಕಿನ ಬೇಕಲ್ಲ
ಅಂತಿದ್ದ ನಮ್ಮ ಮುತ್ಯಾ.

ಮುತ್ಯಾ ಚನಮಲ್ಲಪ್ಪ ಕುಂಬಾರ.
ಅವಗ ಯಾರೋ ಹೇಳಿದರಂತ, ಸೀನಾ ದಂಡಿಯ ದಗಡೂ ಕುಂಬಾರ
ನೂರು ಗಡಿಗಿ ಇನ್ನೂರು ಕುಳ್ಳಿನಾಗ ಸುಡತಾನ.
ನಮ್ಮದಕ್ಕ ಮುನ್ನೂರು.
ಆಯಿ ಎರಡು ದಿನ ಅದನ್ನೇ ಆಡಿದಳು, ಉಣ್ಣಾಗ, ಮಲಗುವಾಗ.
ಮೂರನೇ ದಿನ ಮುತ್ಯಾ ಕಡಕ ರೊಟ್ಟಿ ಕಟಗೊಂಡು ನಡದ.
ದಗಡೂನ ಕಟ್ಟಿ ಮ್ಯಾಲ ಕುಂತ. ಎಣಿಸಿದ.
ಕುಳ್ಳು ಇನ್ನೂರ ಇದ್ದವು, ಖರೆ.
ಗಡಿಗಿ ಮಾತ್ರ ಸಣ್ಣವು,
ಅವನ ನೂರು ನಮ್ಮ ಎಪ್ಪತ್ತಕ್ಕ ಸರಿ.
ಅಷ್ಟು ನೋಡಿ ನಕ್ಕು ತಿರುಗಿ ಬರಬಹುದಿತ್ತು.
ಬರಲಿಲ್ಲ. ಆವಿಗೆ ಬಿಚ್ಚೂತನಕ ಕುಂತ.
ಬೂದಿ ಚಿವುಟಿ ನೋಡಿದ. ಬೆಳ್ಳಗ,
ಬೆರಳಿಗೆ ಕರೀ ಹತ್ತಲಿಲ್ಲ.
ಗಾಳಿ ಬರೂ ಬಾಜೂಕ ದಗಡೂ
ಹಸೀ ಕೆಸರು ಎರಡು ಪದರ ಬಳೀತಿದ್ದ.

ಮನಿಗೆ ಬಂದು ಆಯಿಗೆ ಅಂದ:
ಅಂವ ಸುಳ್ಳು ಹೇಳಿಲ್ಲ. ನಾವು ಕೇಳೂದು ತಪ್ಪಿತ್ತು.
ಮುಂದಿನ ಸಲ ಹನ್ನೆರಡು ಕುಳ್ಳು ಉಳದವು.
ಅದರ ಮ್ಯಾಲ ಆಯಿ ಒಂದು ಸಂಜಿ ಪುಂಡಿಪಲ್ಯ ಕುದಿಸಿದಳು,
ಮಾತಾಡಲಿಲ್ಲ.

ಆ ಎಪ್ಪತ್ತನ್ನ ಈಗ ನಾ ಬಿಡಿಸತೀನಿ.
ಅವರದು ಸಮುದ್ರದ ನೀರು, ತಂಪು.
ನಮ್ಮದು ಭೀಮಾ ನೀರು,
ನಳಿಗಿಯೊಳಗ ಸುಣ್ಣದ ಪದರ ಬಿಡೂದು.
ಅವರ ಕಲ್ಲಿದ್ದಲಿನಾಗ ಬೂದಿ ಕಡಿಮಿ.
ನಮಗ ಮಧ್ಯಾಹ್ನ ಬಿಸಿಲಿನ ಕರೆಂಟು ಬಂತಂದ್ರ
ಅರ್ಧಕ್ಕ ಇಳೀರಿ ಅಂತ ಫೋನು ಬರತದ.
ಎಲ್ಲಾ ಕೂಡಿ ನಲವತ್ತಾರು. ಕಳದೆ.
ಉಳದದ್ದು ಇಪ್ಪತ್ತನಾಲ್ಕು.
ಅದು ದಗಡೂನ ಕೆಸರು. ಅದಕ್ಕ ನೆವ ಇಲ್ಲ.

ಹಿಡಕೊಂಡು ಹೋದವ ಹಸನಸಾಬ, ಗುತ್ತಿಗಿ ಆಳು.
ಎಡಗಿವಿ ಟರ್ಬೈನಿಗೆ ಕೊಟ್ಟು ಆಗೇದ,
ಬಲಗಿವಿಗೆ ಕಟಗಿ ಹಿಡಿಯ ಸ್ಕ್ರೂಡ್ರೈವರ್ ಆನಿಸಿ
ಪೈಪಿನಿಂದ ಪೈಪಿಗೆ ಹೋಗತಾನ,
ಕೂಸಿನ ಎದಿ ನೋಡೂ ಡಾಕ್ಟರನಂಗ.
ಒಂದು ವಾಲ್ವಿನ ಮುಂದ ನಿಂತ.
ಪರದೆ ಮ್ಯಾಲ ಅದು ಬಂದ್ ಅದ, ಹಸಿರು ಬಣ್ಣದಾಗ.
'ಬಾಯಿ, ಒಳಗ ಹಾವು ಉಸುರು ಬಿಡತದ.'
ನಾನೂ ಕಿವಿ ಇಟ್ಟೆ. ಹೌದು.
ತಿರುಗಬೇಕಾದ ಆವಿ ಕೆಲಸ ಮಾಡದನ
ಹಿತ್ತಲ ಬಾಗಿಲಿಂದ ಹೊಂಟಿತ್ತು.
ವರಿಷ್ಠರ ಒಪ್ಪಿಗಿ ತಗೊಂಡು, ಇಬ್ಬರೂ ಕೂಡಿ
ಕೈಚಕ್ರ ತಿರುವಿದಿವಿ. ಎರಡೂವರೆ ಸುತ್ತು.
ಹಾವು ಸುಮ್ಮನಾತು.

ಎಂಟು ಇಳೀತು. ಬರೇ ಎಂಟು.
ಶೇರಾ ಕಾಲಮಿನಾಗ ಹಸನಸಾಬನ ಹೆಸರು ಬರದೆ,
ಮ್ಯಾಲಿಂದ ಅದನ್ನ ಹೊಡದು ಹಾಕಿ ಕಳಿಸಿದರು,
ಹೆಸರಿಗೆ ಅಲ್ಲಿ ಜಾಗಾ ಇಲ್ಲಂತ.

ತಿಂಗಳು ಬಿಟ್ಟು ಹೊಸ ಪಟ್ಟಿ ಬಂತು.
ನಾವು ಹದಿನೇಳನೇದವರ.
ಹದಿನಾರನೇದವರೂ ಎಲ್ಲೋ
ಒಂದು ಚಕ್ರ ತಿರುವಿರಬೇಕು.

ಪಾಳಿ ಮುಗಿಸಿ ಹೋಗುವಾಗ
ಬೂದಿಯ ಡಬ್ಬಿ ತಗದು ಚಿವುಟಿದೆ.
ಬೆರಳು ಕರೀ ಆತು.
ಇನ್ನ ಹದಿನಾರು ಅದಾವ.