ಮೊಳಕ್ಕೆ ಎರಡು ಬೆರಳು ಕಡಿಮೆ

ಉಣ್ಣೆಯ ನೂಲು, ಕೆಂಪು. ಓದ್ವಾರನ ಕಾಲುಚೀಲ ಹೆಣೆದು ಮಿಕ್ಕಿದ್ದು.
ಮಂಚದ ತುದಿಯಲ್ಲಿ ಕೂತು, ಕಾಲು ಮೆಲ್ಲಗೆ ಅಗಲಿಸಿ
ಕೀಲು ಕಿರುಚುವ ಮುಂಚಿನ ಗಳಿಗೆಗೆ ನಿಲ್ಲಿಸಿ
ಮಂಡಿಯಿಂದ ಮಂಡಿಗೆ ಅಳೆದು ಕತ್ತರಿಸಿದೆ:
ಮೊಳಕ್ಕೆ ಎರಡು ಬೆರಳು ಕಡಿಮೆ.
ನೋವಿಲ್ಲದ ನನ್ನ ರಾಜ್ಯ ಇಷ್ಟೇ.

ಐದು ತಿಂಗಳು ಮೆಟ್ಟಿಲನ್ನು ಏಡಿಯ ಹಾಗೆ ಹತ್ತಿದೆ.
ಮಗ್ಗುಲು ಬದಲಿಸಲು ನಡುರಾತ್ರಿ ಅವನನ್ನು ಎಬ್ಬಿಸಿದೆ.
ಊರುಗೋಲಿನ ತುದಿಗೆ ಹಿಮದ ಮುಳ್ಳು ಹಾಕಿಸಿ
ಮೀನಿನಂಗಡಿಗೆ ಹೋದರೆ ಮುದುಕಿ ಗುದ್ರುನ್ ಅಂದಳು,
"ನಾವೂ ಹೆತ್ತಿದ್ದೇವೆ, ಬಸುರಿ ಅಂದರೆ ನೋವೇ."
ತಕ್ಕಡಿಯ ಮುಳ್ಳು ನೋಡುತ್ತ ಸುಮ್ಮನಿದ್ದೆ.

ತ್ರೊಮ್ಸೊ. ಕಿಟಕಿಯಲ್ಲಿ ಹಗಲೇ ಹುಟ್ಟದ ಡಿಸೆಂಬರ್.
ಸೂಲಗಿತ್ತಿ ತೂರ್ದಿಸ್ ಕೈಗೆ ನೂಲು ಕೊಟ್ಟೆ.
ನಗಲಿಲ್ಲ ಅವಳು. ಮಂಚದ ಸರಳಿಗೆ ಕಟ್ಟಿದಳು,
ಎಡಮಗ್ಗುಲಿಗೆ ಹೊರಳಿಸಿ ನಡುವೆ ದಿಂಬು ತುರುಕಿದಳು.
ಎಳೆಯ ವೈದ್ಯನೊಬ್ಬ "ಇನ್ನಷ್ಟು ಅಗಲಿಸಿ" ಅಂದಾಗ
ಮಾತಾಡದೆ ನೂಲು ತೋರಿಸಿದಳು.

ಬೇನೆಗೆ ಬಿಡುವಿದೆ, ಅಲೆಗೆ ಇರುವ ಹಾಗೆ.
ಈ ಇನ್ನೊಂದಕ್ಕೆ ಇಲ್ಲ.
ಎರಡೂ ಒಟ್ಟಿಗೆ ಬಂದಾಗ ನಾನು ಬೈದ ಬೈಗುಳ
ಅಪ್ಪನ ದೋಣಿಯಲ್ಲಿ ಕಲಿತದ್ದು.

ಬಂದಳು. ಅಷ್ಟೇ ಅಗಲದಲ್ಲಿ ಬಂದಳು.

ನೋವು ಹೋಗಿಲ್ಲ.
ನಿಲ್ಲಬೇಕೆಂದರೆ ಎರಡು ಕೈಗೂ ಎರಡು ಕೋಲು,
ಮಗುವನ್ನು ಎತ್ತಲು ಕೈಯೇ ಉಳಿದಿಲ್ಲ.
ಓದ್ವಾರ್ ತಂದು ಪಕ್ಕದಲ್ಲಿ ಮಲಗಿಸಿದ.
ಸರಳಿನಿಂದ ನೂಲು ಬಿಚ್ಚಿಸಿ ಅವಳನ್ನು ಅಳೆದೆ
ನೆತ್ತಿಯಿಂದ ಹಿಮ್ಮಡಿಗೆ.

ಸಾಲಲಿಲ್ಲ.